ಹದಿಮೂರು ಕಂಪ್ಯೂಟರಿನಲ್ಲಿ ತೀರಿಕೊಂಡವರು

“ಈ ಎಕ್ಸ್‌ಪ್ಲೋರರ್ ಅನ್ನೂದನ್ನ ಯಾವ ಪುಣ್ಯಾತ್ಮ ಹುಟ್ಟಿಸ್ಯಾನೋ, ನಾವೇನ ಪಾಪಾ ಮಾಡೇವಂತ ನಮ್ಮ ಕೊರಳಿಗೆ ಕಟ್ಯಾನೋ?”

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಎಂಟು ಗಂಟೆಯ ಬಸ್ಸಿನಲ್ಲಿ ಕಿಟಕಿಯ ಸರಳಿಗೆ ಹಣೆ ಆನಿಸಿ ಕಲ್ಲೇಶ ಕೇಳಿದ ಪ್ರಶ್ನೆ ಇದು. ಯಾರನ್ನು ಕೇಳಿದ ಎಂಬುದು ಬಸ್ಸಿನಲ್ಲಿ ಯಾರಿಗೂ ತಿಳಿಯಲಿಲ್ಲ. ಪಕ್ಕದಲ್ಲಿ ಮೆಂತ್ಯದ ಗಂಟು ಹಿಡಿದು ಕೂತಿದ್ದ ಮುದುಕಿ ಒಮ್ಮೆ ಅವನ ಮುಖ ನೋಡಿ, ಗಂಟನ್ನು ಆಚೆ ತೊಡೆಗೆ ಸರಿಸಿಕೊಂಡಳು. ಕಂಡಕ್ಟರು, “ಇಳಿಯೂದಿದ್ರ ಇಳೀರಿ, ಶಾಪಾ ಹಾಕೂದಿದ್ರ ಮನ್ಯಾಗ ಹಾಕ್ರಿ” ಎಂದು ಮುಂದೆ ಹೋದ.

ಕಲ್ಲೇಶ ಗೋಪನಕೊಪ್ಪದವನು. ಧಾರವಾಡದ ಒಂದು ಶಿಕ್ಷಣ ಮಂಡಳಿಯ ಹೈಸ್ಕೂಲಿನ ಕಚೇರಿಯಲ್ಲಿ ಹದಿನಾರು ವರ್ಷಗಳಿಂದ ಹಂಗಾಮಿ ಗುಮಾಸ್ತ. ಹಂಗಾಮಿ ಎಂದರೆ ಸ್ವಲ್ಪ ಕಾಲದ್ದು ಎಂದು ನಿಘಂಟು ಹೇಳುತ್ತದೆ. ನಿಘಂಟು ಬರೆದವರು ಮಂಡಳಿಯಲ್ಲಿ ಕೆಲಸ ಮಾಡಿದವರಲ್ಲ. ಅವನ ಕಣ್ಣೆದುರಿಗೆ ಮೂವರು ಹೆಡ್‌ಮಾಸ್ತರರು ನಿವೃತ್ತರಾದರು, ಅಂಗಳದ ಬೇವಿನ ಗಿಡ ಎರಡು ಸಲ ಕಡಿಸಿಕೊಂಡು ಎರಡು ಸಲ ಚಿಗುರಿತು, ಕಲ್ಲೇಶ ಮಾತ್ರ ಸ್ವಲ್ಪ ಕಾಲದವನಾಗಿಯೇ ಉಳಿದ.

ಆ ದಿನ ಎರಡು ಸಾವಿರದ ಆರನೆಯ ಇಸವಿಯ ಜುಲೈ ಇಪ್ಪತ್ತೊಂದು, ಶುಕ್ರವಾರ. ಮರುದಿನ ಅವನಿಗೆ ನಲವತ್ತೈದು ತುಂಬುತ್ತಿತ್ತು. ಮಂಡಳಿಯ ನಿಯಮದ ಪ್ರಕಾರ ನಲವತ್ತೈದು ತುಂಬಿದವರನ್ನು ಖಾಯಂ ಮಾಡುವಂತಿಲ್ಲ. ಹಾಗೆ ನೋಡಿದರೆ ಆ ಜನ್ಮತಾರೀಖೇ ಸುಳ್ಳು. ಅವನ ತಾಯಿ ಹನುಮವ್ವ, “ಶೇಂಗಾ ಹರಿಯೂ ಮುಂದ ಹುಟ್ಟ್ಯಾನ್ರಿ” ಎಂದು ಹೇಳಿದ್ದಳು. ಸಾಲಿಗೆ ಹೆಸರು ಹಚ್ಚುವ ಮಾಸ್ತರರು ಗೋಡೆಯ ಕ್ಯಾಲೆಂಡರ್ ನೋಡಿ ಅಂದಿನ ತಾರೀಖನ್ನೇ ಬರೆದುಬಿಟ್ಟಿದ್ದರು. ಆ ಊರಿನ ಹತ್ತೊಂಬತ್ತು ಮಕ್ಕಳು ಹೀಗೆ ಒಂದೇ ದಿನ ಹುಟ್ಟಿದವರು. ಶೇಂಗಾ ಹರಿಯುವ ಕಾಲದ ಲೆಕ್ಕ ಹಿಡಿದಿದ್ದರೆ ಅವನಿಗೆ ಇನ್ನೂ ಮೂರು ತಿಂಗಳ ಆಯುಷ್ಯವಿತ್ತು. ಮಾಸ್ತರರ ಲೆಕ್ಕದಲ್ಲಿ ಒಂದು ದಿನ.

ಈ ಒಂದು ದಿನದ ಮೇಲೆ ಅವನು ಒಂದು ವೆಬ್‌ಸೈಟು ಕಟ್ಟಿದ್ದ.

ಅಧ್ಯಕ್ಷರಾದ ಮಹಾಂತಯ್ಯನವರು ಯುಗಾದಿಯ ಹೊತ್ತಿಗೆ ಮಾತು ಕೊಟ್ಟಿದ್ದರು. ಎಪ್ಪತ್ತೆಂಟರ ಮುದುಕ, ಬಿಳಿ ಟೊಪ್ಪಿಗೆ, ಬಿಳಿ ಧೋತರ, ಮಾತಿನಲ್ಲಿ ಮಾತ್ರ ಬಿಳುಪು ಕಡಿಮೆ. “ಮಂಡಳಿಗೆ ಐವತ್ತ ವರ್ಷ ತುಂಬತಾವು. ಎಲ್ಲಾ ಮಂಡಳಿಗೂ ವೆಬ್‌ಸೈಟ ಐತಿ, ನಮಗಿಲ್ಲ. ನೀ ಏನೋ ಕಲತೀಯಂತಲ್ಲ, ಮಾಡು. ಅದು ಆದ ದಿನ ನಿನ್ನ ಖಾಯಂ ಆದೇಶಕ್ಕ ಸಹಿ” ಎಂದಿದ್ದರು. ಹೊರಗಿನ ಕಂಪನಿಗೆ ಕೊಟ್ಟರೆ ದುಡ್ಡು ಬಿಚ್ಚಬೇಕಾಗುತ್ತಿತ್ತು. ಆದೇಶಕ್ಕಾದರೆ ಮಸಿ ಸಾಕು.

ಅವನು ಕಲಿತದ್ದು ಹುಲಗೇಶನ ಕಡೆ. ಹುಲಗೇಶ ಗೋಪನಕೊಪ್ಪದಲ್ಲಿ ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲೆ ಕಂಪ್ಯೂಟರ್ ತರಗತಿ ನಡೆಸುತ್ತಿದ್ದ. ಗಿರಣಿ ತಿರುಗಿದಾಗ ಪರದೆಗಳೆಲ್ಲ ನಡುಗುತ್ತಿದ್ದವು, ಕೀಲಿಮಣೆಯ ಮೇಲೆ ಜೋಳದ ಹಿಟ್ಟು ಕೂಡುತ್ತಿತ್ತು. ಮೂರು ತಿಂಗಳ ಪಾಠದಲ್ಲಿ ಕಲ್ಲೇಶ ಪುಟ ಕಟ್ಟುವುದನ್ನು ಅರ್ಧ ಕಲಿತ, ಬ್ರೌಸರುಗಳ ಬಗ್ಗೆ ಅಭಿಪ್ರಾಯವನ್ನು ಮಾತ್ರ ಪೂರ್ತಿ ಕಲಿತ. ಒಂದು ನೂರು ಪುಟದ ನೋಟುಬುಕ್ಕು ಕೊಂಡು, ಮನೆಗೆ ಹೆಣ್ಣು ತರುವವರು ನಾಲ್ಕು ಕಡೆ ವಿಚಾರಿಸಿದಂತೆ, ನಾಲ್ಕು ಬ್ರೌಸರುಗಳ ಗುಣದೋಷ ಬರೆದಿಟ್ಟ. ನೆಟ್‌ಸ್ಕೇಪು: ‘ಒಂದು ಕಾಲಕ್ಕೆ ದೊಡ್ಡ ಮನೆತನ, ಈಗ ಪಿಂಚಣಿ.’ ಒಪೆರಾ: ‘ಗುಣವಂತ, ಓಟ ಜೋರು, ಆದರೆ ಯಾರೂ ಗುರುತು ಹಿಡಿಯುವುದಿಲ್ಲ.’ ಫೈರ್‌ಫಾಕ್ಸು: ‘ಒಂದೇ ಕಿಟಕಿಯಲ್ಲಿ ಹತ್ತು ಪುಟ ತೆರೆಯುತ್ತದೆ, ಕರೆಯದೆ ಬರುವ ಜಾಹೀರಾತನ್ನು ಬಾಗಿಲಲ್ಲೇ ತಡೆಯುತ್ತದೆ, ಪುಟ ಕಟ್ಟುವವನ ಮಾತನ್ನು ಬರೆದಂತೆ ಕೇಳುತ್ತದೆ. ನೂರಕ್ಕೆ ತೊಂಬತ್ತೆಂಟು.’ ಎಕ್ಸ್‌ಪ್ಲೋರರ್: ‘ಕರೆಯದೆ ಬಂದು ಮನೆಯಲ್ಲಿ ಕೂತದ್ದು. ಹೇಳಿದ್ದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತದೆ. ನೂರಕ್ಕೆ ಹನ್ನೊಂದು.’

ಹನ್ನೊಂದೂ ಯಾಕೆ ಕೊಟ್ಟೆ ಎಂದು ಹೆಂಡತಿ ಸುಮಲತಾ ಕೇಳಿದಳು. “ಫೈರ್‌ಫಾಕ್ಸ್ ಇಳಿಸಿಕೊಳ್ಳಾಕ ಒಮ್ಮೆ ಬೇಕಾತು” ಎಂದ.

ಅಂದಿನಿಂದ ಅವನು ಎಕ್ಸ್‌ಪ್ಲೋರರನ್ನು ಮುಟ್ಟಲಿಲ್ಲ. ಕೆಲವರು ಉಳ್ಳಾಗಡ್ಡಿ ಬಿಟ್ಟಹಾಗೆ ಬಿಟ್ಟ. ಕಚೇರಿಯ ತನ್ನ ಕಂಪ್ಯೂಟರಿನ ಮೇಲಿದ್ದ ಅದರ ನೀಲಿ ಗುರುತನ್ನು ಅಳಿಸಿದ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರನ್ನು, “ನೀವು ಯಾವ ಬ್ರೌಸರ್ ಬಳಸ್ತೀರಿ?” ಎಂದು ಕೇಳತೊಡಗಿದ. ಅವರು ಅದೇನೋ ಸಾಬೂನು ಎಂದುಕೊಂಡು, “ನಮ್ಮನಿಯಾಗ ಸಂತ್ಯಾಗ ಸಿಕ್ಕದ್ದ ತರ್ತೇವ್ರಿ” ಎನ್ನುತ್ತಿದ್ದರು. ಓಣಿಯಲ್ಲಿ ಅವನ ಹೆಸರು ‘ಕಂಪ್ಯೂಟರ್ ಕಲ್ಲೇಶ’ ಎಂದಾಯಿತು. ಸುಮಲತಾಳಿಗೆ ಮಾತ್ರ ಆ ಹೆಸರು ರುಚಿಸಲಿಲ್ಲ. “ಕಂಪ್ಯೂಟರ್ ಅಂತಾರ, ಖಾಯಂ ಅಂತ ಒಬ್ರೂ ಅನ್ನೂದಿಲ್ಲ” ಎಂದಳು.

ಹಿಂದಿನ ದಿನ ಸಂಜೆ ಪೂರ್ತಿಯಾದ ಪುಟವನ್ನು ತೋರಿಸಲು ಹೋದಾಗ ಹುಲಗೇಶ ಒಂದೇ ಮಾತು ಕೇಳಿದ್ದ.

“ಛಲೋ ಆಗೇತಿ. ಎಕ್ಸ್‌ಪ್ಲೋರರ್‌ದಾಗ ತಗದ ನೋಡೀರೇನು?”

“ನಾ ಅದನ್ನ ಮುಟ್ಟೂದಿಲ್ಲ.”

“ನೀವ ಮುಟ್ಟಬ್ಯಾಡ್ರಿ, ಊರ ಮಂದಿ ಮುಟ್ಟತಾರಲ್ಲ. ನೂರ ಮಂದ್ಯಾಗ ತೊಂಬತ್ತ ಮಂದಿ ಅದರಾಗಽ ನೋಡೂದು. ಅದರ ಅಳತಿ ಬ್ಯಾರೆ ಇರತೈತಿ, ನಾಕ ಕೂದಲೆಳಿ ಹೆಚ್ಚ ಹಿಡಿತೈತಿ. ಚಿತ್ರಾ ಜಾರತಾವು.”

“ತೊಂಬತ್ತ ಮಂದಿ ತಪ್ಪ ಮಾಡಿದ್ರ ನಾನೂ ಮಾಡಬೇಕೇನು?” ಎಂದು ಕಲ್ಲೇಶ ಎದ್ದುಬಂದಿದ್ದ. ಬಸ್ಸಿನಲ್ಲಿ ಆ ಮುದುಕಿಯ ಕಿವಿಗೆ ಬಿದ್ದದ್ದು ಆ ಸಿಟ್ಟಿನ ಉಳಿಕೆ.

ಹತ್ತೂವರೆಗೆ ಅವನು ಸೈಟನ್ನು ಜಗತ್ತಿಗೆ ಬಿಟ್ಟ. ಅವನ ಪರದೆಯ ಮೇಲೆ, ಅವನ ಫೈರ್‌ಫಾಕ್ಸಿನಲ್ಲಿ, ಅದು ತೊಳೆದಿಟ್ಟ ತಾಟಿನಂತೆ ಹೊಳೆಯುತ್ತಿತ್ತು. ಮೇಲೆ ಮಂಡಳಿಯ ಹೆಸರು. ಅದರ ಕೆಳಗೆ ‘ಅಧ್ಯಕ್ಷರ ನುಡಿ’, ಬಲಕ್ಕೆ ಟೊಪ್ಪಿಗೆಯ ಮಹಾಂತಯ್ಯನವರ ಫೋಟೋ. ಅದಕ್ಕೂ ಕೆಳಗೆ ಐವತ್ತು ವರ್ಷದ ಹಿಂದೆ ಮಂಡಳಿ ಕಟ್ಟಿ ತೀರಿಹೋದ ಸಂಸ್ಥಾಪಕರಿಗೆ ಮೀಸಲಾದ ಜಾಗ: ‘ಮಂಡಳಿಯ ಹಿರಿಯ ಚೇತನಕ್ಕೆ ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಸಾಲು, ಎಡಬಲಕ್ಕೆ ದೀಪ ಉರಿಯುವ ಎರಡು ಸಮೆಗಳು, ನಡುವೆ ಕಪ್ಪು ಅಂಚಿನ ಚೌಕಟ್ಟು. ಚೌಕಟ್ಟು ಖಾಲಿ. ಐವತ್ತು ವರ್ಷ ಅವರ ಹೆಸರಿನಲ್ಲಿ ದೇಣಿಗೆ ಎತ್ತಿದ ಮಂಡಳಿಯಲ್ಲಿ ಅವರದೊಂದು ಫೋಟೋ ಸಿಕ್ಕಿರಲಿಲ್ಲ.

ಮಹಾಂತಯ್ಯನವರು ಬೆಳಿಗ್ಗೆಯೇ ಕಣ್ಣು ತೋರಿಸಲು ಸತ್ತೂರಿನ ಆಸ್ಪತ್ರೆಗೆ ಹೋಗಿದ್ದರು. ಸಂಜೆ ಬಂದು ಸಹಿ ಮಾಡುವುದೆಂದು ಮಾತಾಗಿತ್ತು. ಕಲ್ಲೇಶ ಆದೇಶದ ಕಾಗದವನ್ನು ಟೈಪು ಮಾಡಿ ಫೈಲಿನಲ್ಲಿಟ್ಟು, ಮಂಡಳಿಯ ಸದಸ್ಯರಿಗೆಲ್ಲ ಫೋನು ಹಚ್ಚಿ, “ಸೈಟ ಬಿಟ್ಟೇನ್ರಿ, ನೋಡ್ರಿ” ಎಂದ.

ಇತ್ತ ಕಲ್ಲೇಶ ಫೋನು ಕೆಳಗಿಟ್ಟ. ಅತ್ತ ಉಪಾಧ್ಯಕ್ಷ ಬಸಣ್ಣ ತನ್ನ ಗೊಬ್ಬರದ ಅಂಗಡಿಯಲ್ಲಿ ಕಂಪ್ಯೂಟರು ತೆರೆದ. ಬಸಣ್ಣನ ಕಂಪ್ಯೂಟರಿನಲ್ಲಿದ್ದದ್ದು ಬಂದಾಗಿನಿಂದ ಇದ್ದ ನೀಲಿ ಗುರುತು ಒಂದೇ. ಅದನ್ನು ಒತ್ತಿದ. ಎಕ್ಸ್‌ಪ್ಲೋರರ್ ತನ್ನ ಅಳತೆಪಟ್ಟಿ ಹಿಡಿದು ಮೇಲಿನ ಸಾಲನ್ನು ಅಳೆಯಿತು. ನಾಲ್ಕು ಕೂದಲೆಳೆ ಜಾಗ ಸಾಲಲಿಲ್ಲ. ಮಹಾಂತಯ್ಯನವರ ಫೋಟೋ ‘ಅಧ್ಯಕ್ಷರ ನುಡಿ’ಯ ಬಲದಿಂದ ಕಳಚಿ, ಮೆಲ್ಲಗೆ ಕೆಳಗೆ ಜಾರಿ, ಎರಡು ಸಮೆಗಳ ನಡುವಿನ ಕಪ್ಪು ಚೌಕಟ್ಟಿನಲ್ಲಿ ಹೇಳಿ ಮಾಡಿಸಿದಂತೆ ಕೂತಿತು.

ಬಸಣ್ಣ ಟೊಪ್ಪಿಗೆ ತೆಗೆದ. ಆಮೇಲೆ ಮಹಾಂತಯ್ಯನವರ ಮೊಬೈಲಿಗೆ ಫೋನು ಮಾಡಿದ. ಅದು ಬಂದ್ ಆಗಿತ್ತು. ಮನೆಗೆ ಮಾಡಿದ. ಎತ್ತಿಕೊಂಡವರು ಅವರ ತಂಗಿ ನೀಲಗಂಗವ್ವ.

“ಅಯ್ಯಾರ ಎಲ್ಲದಾರ್ರೀ?”

“ಆಸ್ಪತ್ರಿಗೆ ಹೋಗ್ಯಾರಪಾ, ಸತ್ತೂರಿಗೆ.”

“ಹಂಗಾರ ಖರೇನಽ!” ಎಂದು ಬಸಣ್ಣ ಫೋನು ಇಟ್ಟ. ಆ ‘ಖರೇ’ ಏನೆಂದು ನೀಲಗಂಗವ್ವ ಯೋಚಿಸಿದಳು. ಎಪ್ಪತ್ತೆಂಟರ ಅಣ್ಣ, ಆಸ್ಪತ್ರೆ, ಉಪಾಧ್ಯಕ್ಷರ ಫೋನು. ಕೂಡಿಸಿ ನೋಡಲು ಆಕೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಹನ್ನೊಂದೂವರೆಗೆ ಬಸಣ್ಣ ಸಾಲಿಯ ಗೇಟಿನಲ್ಲಿ ಇಳಿದಾಗ ಅವನ ಕೈಯಲ್ಲಿ ಆಳೆತ್ತರದ ಮಾಲೆಯಿತ್ತು. ಇಷ್ಟು ಲಗೂ ಇಷ್ಟು ದೊಡ್ಡ ಮಾಲೆ ಎಲ್ಲಿ ಸಿಕ್ಕಿತು ಎಂದು ಯಾರೂ ಕೇಳಲಿಲ್ಲ. ಬಾಗಿಲ ಬಳಿ ಸಿಪಾಯಿ ಉಸ್ಮಾನಸಾಬ ಎದ್ದು ಸಲಾಮು ಮಾಡಿದ.

“ಉಸ್ಮಾನಾ, ಅಯ್ಯಾರ ಹೋದ್ರು.”

“ಹೌದ್ರಿ, ಮುಂಜಾನೆ ಹೋದ್ರು. ಸಂಜಿಗೆ ಬರ್ತಾರ.”

“ಹುಚ್ಚಾ, ಇನ್ನೆಲ್ಲೆ ಬರ್ತಾರ! ವೆಬ್‌ಸೈಟ್‌ದಾಗ ಬಂದೈತಿ.”

ಉಸ್ಮಾನಸಾಬನ ಕೈಯಲ್ಲಿದ್ದ ಚಹದ ಕೆಟ್ಲಿ ಅಲ್ಲೇ ಮೆಟ್ಟಿಲ ಮೇಲೆ ಕೂತಿತು. ಅದರ ಪಕ್ಕದಲ್ಲಿ ಅವನೂ ಕೂತ.

ಹೆಡ್‌ಮಿಸ್ಟ್ರೆಸ್ ಅಖ್ತರಬೇಗಂ ತಮ್ಮ ಕೋಣೆಯ ಕಂಪ್ಯೂಟರು ತೆರೆದರು. ಅವರದೂ ನೀಲಿ ಗುರುತೇ. ಸಮೆಗಳು ಉರಿಯುತ್ತಿದ್ದವು, ಮಹಾಂತಯ್ಯನವರು ನಡುವೆ ನಗುತ್ತಿದ್ದರು. “ಯಾ ಅಲ್ಲಾ” ಎಂದರು. ಅರೆಗಳಿಗೆ ತಲೆ ತಗ್ಗಿಸಿದರು. ಮಂಡಳಿಯಲ್ಲಿ ಹಿರಿಯರು ಯಾರೇ ತೀರಿಕೊಂಡರೂ ಉದ್ದ ಗಂಟೆ ಹೊಡೆದು ಸಾಲಿ ಬಿಡುವ ಪದ್ಧತಿ. ಗಂಟೆ ಹೊಡೆಯಿತು. ಯಾರು ಸತ್ತರು ಎಂದು ಕೇಳದೆ ಆರುನೂರು ಮಕ್ಕಳು “ಸೂಟೀ!” ಎಂದು ಒಂದೇ ಕೊರಳಲ್ಲಿ ಕೂಗಿದರು. ಮಹಾಂತಯ್ಯನವರ ಬದುಕಿನಲ್ಲಿ ಅವರ ಹೆಸರಿಗೆ ಅಷ್ಟು ದೊಡ್ಡ ಜಯಘೋಷ ಎಂದೂ ಆಗಿರಲಿಲ್ಲ.

ಕಲ್ಲೇಶ ಓಡಿಬಂದ. “ಏನ್ರೀ ಇದು? ಯಾರ ಸತ್ತಾರ? ಅಯ್ಯಾರ ಜೀವಂತ ಅದಾರ, ನನ್ನ ಕಂಪ್ಯೂಟರನ್ಯಾಗ ಬಂದ ನೋಡ್ರಿ!”

ಎಲ್ಲರೂ ಅವನ ಹಿಂದೆ ಓಡಿದರು. ನೋಡಿದರು. ಅಲ್ಲಿ ಮಹಾಂತಯ್ಯನವರು ಮೇಲೆ, ತಮ್ಮ ನುಡಿಯ ಪಕ್ಕದಲ್ಲಿ ಆರೋಗ್ಯವಾಗಿದ್ದರು. ಕೆಳಗೆ ಚೌಕಟ್ಟು ಖಾಲಿಯಿತ್ತು. ಎಲ್ಲರೂ ಮತ್ತೆ ಅಖ್ತರಬೇಗಂ ಕೋಣೆಗೆ ಓಡಿದರು. ಅಲ್ಲಿ ಸತ್ತಿದ್ದರು. ದೈಹಿಕ ಶಿಕ್ಷಣದ ಮಾಸ್ತರು ಮೂರು ಸಲ ಆಚೀಚೆ ಓಡಿ ದಮ್ಮು ಹತ್ತಿ ಕೂತ.

“ಇದು ಬ್ರೌಸರ್‌ದ ತಪ್ಪ್ರಿ” ಎಂದ ಕಲ್ಲೇಶ. “ಎಕ್ಸ್‌ಪ್ಲೋರರ್ ಅಳತಿ ತಪ್ಪ ಹಿಡಿತೈತಿ. ಫೋಟೋ ಜಾರೇತಿ. ಫೈರ್‌ಫಾಕ್ಸ್ ಹೇಳೂದಽ ಖರೇ.”

“ಅಂದ್ರ ನಿನ್ನ ಕಂಪ್ಯೂಟರ ಒಂದಽ ಶಾಣ್ಯಾ, ಉಳದಾವೆಲ್ಲಾ ಹುಚ್ಚ ಅನ್ನು” ಎಂದ ಬಸಣ್ಣ. “ಅಕ್ಕೋರ, ನಮ್ಮ ಸಾಲ್ಯಾಗ ಒಟ್ಟ ಎಷ್ಟ ಕಂಪ್ಯೂಟರ ಅದಾವು?”

“ಹದಿನಾಲ್ಕರಿ” ಎಂದರು ಅಖ್ತರಬೇಗಂ.

“ಎಲ್ಲಾದರಾಗೂ ತಗಸ್ರಿ.”

ಲ್ಯಾಬಿನಲ್ಲಿದ್ದ ಹನ್ನೆರಡನ್ನೂ ತೆಗೆಸಿದರು. ಒಂದಾದ ಮೇಲೊಂದರಲ್ಲಿ ಸಮೆಗಳು ಹೊತ್ತಿಕೊಂಡವು. ಬಸಣ್ಣ ಸಾಲಿನ ಉದ್ದಕ್ಕೂ ನಡೆದು, ತಲೆ ಎಣಿಸಿದಂತೆ ಎಣಿಸಿದ.

“ಎಷ್ಟರಾಗ ತೀರಿಕೊಂಡಾರ?”

“ಹದಿಮೂರರಾಗ್ರಿ” ಎಂದರು ಅಖ್ತರಬೇಗಂ.

“ಎಷ್ಟರಾಗ ಜೀವಂತ?”

“ಒಂದರಾಗ.”

“ಮುಗೀತಲ್ಲ. ಬಹುಮತ.”

ಮಂಡಳಿಯಲ್ಲಿ ಹದಿನಾರು ವರ್ಷ ಕಲ್ಲೇಶ ಬರೆದ ಠರಾವುಗಳೆಲ್ಲ ಇದೇ ಲೆಕ್ಕದಲ್ಲಿ ಪಾಸಾಗಿದ್ದವು.

“ಹಂಗಲ್ರೀ” ಎಂದು ಕೊನೆಗೆ ಮೆಟ್ಟಿಲಿನಿಂದ ಎದ್ದು ಬಂದವನು ಉಸ್ಮಾನಸಾಬ. “ಸತ್ತೂರ ಎಷ್ಟ ದೂರ ಐತಿ? ಒಬ್ರು ಹೋಗಿ ನೋಡಿ ಬಂದ್ರಾತು.”

“ಹೋಗಿ ಬರೂದಕ್ಕ ಒಂದೂವರಿ ತಾಸ ಬೇಕು. ನಿಯಮಾವಳಿ ಗೊತ್ತೈತೇನ ನಿನಗ? ಅಧ್ಯಕ್ಷರ ಖುರ್ಚಿ ಒಂದ ತಾಸಿಗಿಂತಾ ಹೆಚ್ಚ ಖಾಲಿ ಇರತಕ್ಕದ್ದಲ್ಲ. ಸಂಸ್ಥಾಪಕರ ಬರದಿಟ್ಟ ಹೋಗ್ಯಾರ.” ಸಂಸ್ಥಾಪಕರ ಮುಖವನ್ನು ಯಾರೂ ಕಂಡಿರಲಿಲ್ಲ. ಆ ಒಂದು ಕಲಮು ಮಾತ್ರ ಬಸಣ್ಣನಿಗೆ ಬಾಯಿಪಾಠವಿತ್ತು.

ಉಸ್ಮಾನಸಾಬ ಗೋಡೆಗೆ ಆನಿಸಿಟ್ಟಿದ್ದ ಸೈಕಲ್ಲು ಹತ್ತಿ, ಕಣ್ಣೊರೆಸಿಕೊಳ್ಳುತ್ತ ಸತ್ತೂರಿನ ದಾರಿ ಹಿಡಿದ.

ಅವನು ಹೊರಬಿದ್ದ ಬಾಗಿಲಿನಿಂದಲೇ ನೀಲಗಂಗವ್ವ ಒಳಬಂದಳು. ಜೊತೆಗೆ ಓಣಿಯ ಏಳೆಂಟು ಹೆಂಗಸರು. “ಅಣ್ಣಾ, ನನ್ನ ಬಿಟ್ಟ ಹೋದ್ಯಾ!” ಎಂಬ ದನಿಗೆ ಬೇವಿನ ಗಿಡದ ಕಾಗೆಗಳೆದ್ದವು. ಸ್ವಲ್ಪ ಹೊತ್ತು ಅತ್ತು, ದನಿ ಇಳಿಸಿ, ಬಸಣ್ಣನನ್ನು ಕೇಳಿದಳು, “ಎಲ್ಲೆ ಮಲಗಿಸೀರಿ?”

“ಸದ್ಯಕ್ಕ ಕಂಪ್ಯೂಟರನ್ಯಾಗ ಅದಾರ್ರಿ” ಎಂದ ಬಸಣ್ಣ, ತಲೆ ಬಾಗಿಸಿ.

ಆಕೆಯನ್ನು ಲ್ಯಾಬಿಗೆ ಕರೆದೊಯ್ದರು. ಹನ್ನೆರಡು ಅಣ್ಣಂದಿರನ್ನು ಒಟ್ಟಿಗೆ ಕಂಡು ಆಕೆ ಯಾವುದರ ಮುಂದೆ ಕೂತು ಅಳಬೇಕೆಂದು ತಿಳಿಯದೆ ನಿಂತಳು. ಪಕ್ಕದ ಮನೆಯಾಕೆ, “ದೊಡ್ಡದರ ಮುಂದ ಕುಂಡ್ರ ಯವ್ವಾ” ಎಂದು ಹದಿನೇಳು ಇಂಚಿನ ಪರದೆಯೊಂದನ್ನು ತೋರಿಸಿದಳು. ಆಕೆ ಕೂತಳು. ಕೂತಲ್ಲೇ, ಅಣ್ಣನ ಗಾಂಧಿಚೌಕದ ಎರಡು ಅಂಗಡಿಗಳ ಕಾಗದಪತ್ರ ಯಾರ ಹತ್ತಿರ ಇವೆ ಎಂದು ಅಳುವಿನ ನಡುನಡುವೆ ವಿಚಾರಿಸತೊಡಗಿದಳು.

ಬಸಣ್ಣ ಅಧ್ಯಕ್ಷರ ಕೋಣೆಗೆ ಹೋದ. ಮೊದಲು ಕುರ್ಚಿಗೆ ಕೈಮುಗಿದ. ಆಮೇಲೆ ಅದರ ಮೇಲೆ ಕೂತ. ಕೂತು ಎರಡು ಸಲ ಹಿಂದೆಮುಂದೆ ತೂಗಿ ನೋಡಿ, “ಇದರ ಸ್ಪ್ರಿಂಗ್ ಹೋಗೇತಿ. ಈ ಮುದುಕ ಒಂದ ದಿನಾ ರಿಪೇರಿ ಮಾಡಿಸಲಿಲ್ಲ” ಎಂದ. ಕಲ್ಲೇಶನನ್ನು ಕರೆದ. ಠರಾವು ಪುಸ್ತಕ ಬರೆಯುವುದು ಕಲ್ಲೇಶನ ಕೆಲಸ. ಅವನ ಕೈಬರಹವಿಲ್ಲದೆ ಮಂಡಳಿಯಲ್ಲಿ ಯಾರೂ ಅಧಿಕೃತವಾಗಿ ಸಾಯುವಂತಿರಲಿಲ್ಲ, ಯಾರೂ ಅಧಿಕೃತವಾಗಿ ಕೂಡುವಂತೆಯೂ ಇರಲಿಲ್ಲ.

“ಬರಿ. ಒಂದನೇ ಠರಾವು, ಶೋಕ. ಎರಡನೇದು, ಅಧ್ಯಕ್ಷ ಸ್ಥಾನ ನಾನು ವಹಿಸಿಕೊಂಡದ್ದು.”

ಕಲ್ಲೇಶ ಪೆನ್ನಿನ ಟೊಪ್ಪಿಗೆ ತೆಗೆಯಲಿಲ್ಲ. “ಬಸಣ್ಣಾರ, ನಾ ಮತ್ತ ಹೇಳತೇನಿ. ಸೈಟ ಮಾಡಿದಾವ ನಾನು. ಅಯ್ಯಾರ...”

“ನಿಂದೊಂದ ಖಾಯಂ ಫೈಲ ಇತ್ತಲ್ಲ?”

ಕಲ್ಲೇಶ ಠರಾವು ಪುಸ್ತಕದಿಂದ ತಲೆ ಎತ್ತಿದ.

“ನಾಳೆ ನಿನಗ ನಲವತ್ತೈದಂತ. ಅಕ್ಕೋರ ಹೇಳಿದ್ರು. ಹದಿನಾರ ವರ್ಷ ಆ ಮುದುಕ ನಿನ್ನ ಕಾಯಿಸಿದ. ನಾ ಖುರ್ಚಿ ಮ್ಯಾಲೆ ಕುಂತ ಹದಿನಾರ ನಿಮಿಷ ಆಗಿಲ್ಲ. ತಾ ಇಲ್ಲೆ.”

ಹದಿನಾರು ವರ್ಷದ ಫೈಲು ಅರ್ಧ ನಿಮಿಷದಲ್ಲಿ ಮೇಜಿನ ಮೇಲಿತ್ತು. ಬಸಣ್ಣ ಕಾಗದವನ್ನು ಬೆಳಕಿಗೆ ಹಿಡಿದು ಓದಿದ. ಪೆನ್ನು ತೆಗೆದ. ಪೆನ್ನಿನ ಮೊನೆಯನ್ನು ಕಾಗದಕ್ಕೆ ಒಂದು ಜೋಳದ ಕಾಳಿನಷ್ಟು ದೂರದಲ್ಲಿ ನಿಲ್ಲಿಸಿ, ಕತ್ತೆತ್ತದೆ ಕೇಳಿದ.

“ಈಗ ಹೇಳು. ಸೈಟ ನಿಂದು. ಅಯ್ಯಾರ ತೀರಿಕೊಂಡಾರೋ ಇಲ್ಲೋ?”

ಗೋಡೆಯ ಗಡಿಯಾರ ತಿರುಗುತ್ತಿತ್ತು. ಲ್ಯಾಬಿನಿಂದ ನೀಲಗಂಗವ್ವನ ಅಳು ಕೇಳುತ್ತಿತ್ತು. ಕಲ್ಲೇಶ ಪೆನ್ನಿನ ಮೊನೆಯನ್ನೇ ನೋಡಿದ.

“ಎಕ್ಸ್‌ಪ್ಲೋರರ್‌ದಾಗ ಹಂಗಽ ಐತ್ರಿ” ಎಂದ.

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬಸಣ್ಣ ಸಹಿ ಮಾಡಿದ.

ಆಮೇಲೆ ಕಲ್ಲೇಶ ಶೋಕದ ಠರಾವು ಬರೆದ. ಒಳ್ಳೆಯ ಅಕ್ಷರ, ಒಂದೂ ಚಿತ್ತಿಲ್ಲ. ‘ಪ್ರಾತಃಸ್ಮರಣೀಯರೂ, ನುಡಿದಂತೆ ನಡೆದವರೂ, ಸಿಬ್ಬಂದಿಯನ್ನು ಮಕ್ಕಳಂತೆ ಸಲಹಿದವರೂ ಆದ ಶ್ರೀ ಮಹಾಂತಯ್ಯನವರ ಅಗಲಿಕೆಯಿಂದ ಮಂಡಳಿಯು ಅನಾಥವಾಗಿದೆ.’ ಅನಾಥ ಎಂಬ ಪದದ ಕೆಳಗೆ ಗೆರೆ ಎಳೆದ. ಎರಡು ನಿಮಿಷ ಮೌನ ಎಂದು ಬರೆದ. ಮೌನ ಮಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಎರಡನೆಯ ಠರಾವಿಗೆ ಎಲ್ಲರೂ ಸಹಿ ಹಾಕಿದರು. ಬಸಣ್ಣ ಹಾಗೆಯೇ ಕೈಬಿಸಿಯಿರುವಾಗ ತನ್ನ ಅಳಿಯನಿಗೆ ಕ್ಯಾಂಟೀನು, ಅಖ್ತರಬೇಗಂ ಅವರಿಗೆ ಎರಡು ವರ್ಷದಿಂದ ನಿಂತಿದ್ದ ವೇತನ ಬಡ್ತಿ, ದೈಹಿಕ ಶಿಕ್ಷಣದ ಮಾಸ್ತರಿಗೆ ವರ್ಗ ಎಲ್ಲ ಮುಗಿಸಿದ. ಒಂದು ತಾಸಿನಲ್ಲಿ ಮಂಡಳಿ ಹತ್ತು ವರ್ಷದ ಕೆಲಸ ಮಾಡಿತು.

ಕಲ್ಲೇಶ ಓಣಿಯ ಅಂಗಡಿಗೆ ಫೋನು ಮಾಡಿ ಸುಮಲತಾಳನ್ನು ಕರೆಸಿದ.

“ಆತು” ಎಂದ.

“ಏನಾತು?”

“ಖಾಯಂ.”

“ಅಯ್ಯಾರ ಸಹಿ ಮಾಡಿದ್ರಾ?”

“ಬಸಣ್ಣಾರ ಮಾಡಿದ್ರು.”

“ಅಯ್ಯಾರ ಎಲ್ಲದಾರ?”

“ಅದೊಂದ ಹೇಳಾಕ ಬರಂಗಿಲ್ಲ” ಎಂದು ಅವನು ಫೋನು ಇಟ್ಟ. ಸುಮಲತಾ ಅಷ್ಟರ ಮೇಲೆಯೇ ಓಣಿಯ ಹದಿನೆಂಟು ಮನೆಗೆ ಸಕ್ಕರೆ ಹಂಚಿ ಬಂದಳು. ಹದಿನಾರು ವರ್ಷ ಕಾದವಳಿಗೆ ಇನ್ನೊಂದು ಪ್ರಶ್ನೆ ಕೇಳುವ ತಾಳ್ಮೆ ಉಳಿದಿರಲಿಲ್ಲ.

ಸುಮಾರು ಎರಡು ಗಂಟೆಗೆ ಗೇಟಿನಲ್ಲಿ ಆಟೋ ನಿಂತಿತು.

ಮೊದಲು ಇಳಿದವನು ಉಸ್ಮಾನಸಾಬ. ಅವನ ಭುಜ ಹಿಡಿದು ಇಳಿದವರು ಮಹಾಂತಯ್ಯನವರು. ಕಣ್ಣಿಗೆ ಔಷಧ ಬಿಟ್ಟಿದ್ದರಿಂದ ಕರಿಯ ಕನ್ನಡಕ ಹಾಕಿದ್ದರು. ಒಂದು ಕೈ ಚಾಚಿಕೊಂಡು, ಎದುರಿನದು ಏನೂ ಕಾಣದೆ, ಗಾಳಿಯನ್ನು ತಡವುತ್ತ ಬಂದರು. ಆ ನಡಿಗೆ ನೋಡಿದ ನೀಲಗಂಗವ್ವ ಕಿಟಾರನೆ ಕಿರುಚಿ ಲ್ಯಾಬಿನ ಬಾಗಿಲು ಹಾಕಿಕೊಂಡಳು.

ಬಸಣ್ಣ ಮಾತ್ರ ಕಂಗೆಡಲಿಲ್ಲ. ಕುರ್ಚಿಯಿಂದ ಎದ್ದ, ಮೂಲೆಯಲ್ಲಿದ್ದ ಮಾಲೆ ಎತ್ತಿಕೊಂಡ, ಓಡಿಹೋಗಿ ಮಹಾಂತಯ್ಯನವರ ಕೊರಳಿಗೆ ಹಾಕಿದ. “ಅಯ್ಯಾರ, ಮಂಡಳಿಗೆ ಐವತ್ತ ವರ್ಷ! ಮೊದಲ ಸನ್ಮಾನ ನಿಮಗಽ ಅಂತ ಎಲ್ಲಾರೂ ಕಾಯಾಕತ್ತೇವಿ!”

“ಗೊತ್ತಾತು” ಎಂದರು ಮಹಾಂತಯ್ಯನವರು. “ಉಸ್ಮಾನ ಹೇಳ್ಯಾನ.”

ಬಸಣ್ಣ ಅವರ ಕೈ ಹಿಡಿದು, ಕಿವಿಯಲ್ಲಿ ಏನೋ ಉಸುರುತ್ತ ಕರೆತಂದು ಕುರ್ಚಿಗೆ ಕೂಡಿಸಿದ. ಕುರ್ಚಿ ಬೆಚ್ಚಗಿತ್ತು, ಅವರು ಅದನ್ನು ಕೈಯಿಂದ ಸವರಿ ನೋಡಿದರು. ಠರಾವು ಪುಸ್ತಕ ತರಿಸಿದರು. “ನನಗ ಕಾಣವಲ್ದು. ಅಕ್ಕೋರ, ಓದ್ರಿ.”

ಅಖ್ತರಬೇಗಂ ಓದಿದರು. ‘ನುಡಿದಂತೆ ನಡೆದವರೂ’ ಎಂಬಲ್ಲಿ ಮಹಾಂತಯ್ಯನವರ ಹುಬ್ಬು ಕನ್ನಡಕದ ಮೇಲಕ್ಕೆ ಬಂತು. ‘ಅನಾಥ’ ಎಂಬಲ್ಲಿ ಇಳಿಯಿತು. ಎರಡನೆಯ ಠರಾವು ಓದಿ, ಕೆಳಗಿನ ಸಹಿಗಳನ್ನು ಒಂದೊಂದಾಗಿ ಹೇಳಿ, ತಮ್ಮ ಹೆಸರು ಬಂದಾಗ ಅಖ್ತರಬೇಗಂ ಕೆಮ್ಮಿದರು. ಆಮೇಲೆ ಕ್ಯಾಂಟೀನು, ಬಡ್ತಿ, ವರ್ಗ. ಕೊನೆಯಲ್ಲಿ ಕಲ್ಲೇಶನ ಖಾಯಂ.

ಮಹಾಂತಯ್ಯನವರು ಮೊದಲು ಬಸಣ್ಣನ ಕಡೆ ಮುಖ ತಿರುಗಿಸಿದರು. ಅಲ್ಲಿ ಬಸಣ್ಣನಿರಲಿಲ್ಲ, ಅವರು ಕಪಾಟಿನ ಜೊತೆ ಮಾತಾಡಿದರು.

“ಬಸಣ್ಣಾ, ನಿನ್ನ ತಪ್ಪಿಲ್ಲ. ಮಂಡಳಿಯಾಗ ಅರ್ಧ ಮಂದಿ ನಿನ್ನವರು, ಅರ್ಧ ನನ್ನವರು. ನಾಳೆ ಸಭಾ ಐತಿ. ಮಷೀನ ಹೇಳಿದ್ದನ್ನ ನೀ ನಂಬಿದಿ, ಅಷ್ಟಽ.”

“ಹೌದ್ರಿ ಅಯ್ಯಾರ. ಮಷೀನ” ಎಂದ ಬಸಣ್ಣ ಎಡಗಡೆಯಿಂದ.

“ಉಸ್ಮಾನಾ, ನೀ ಗೇಟ ಬಿಟ್ಟ ಹೋದಿ. ಯಾರನ್ನ ಕೇಳಿದಿ?”

“ನಿಮ್ಮನ್ನ ನೋಡಾಕ ಹೋಗಿದ್ದೇನ್ರಿ...”

“ಅರ್ಧ ದಿನದ ರಜಾ ಬರಸು.” ಉಸ್ಮಾನಸಾಬ ಕೆಟ್ಲಿ ಎತ್ತಿಕೊಂಡು ಹೊರಗೆ ಹೋದ.

“ಕಲ್ಲೇಶಾ, ಬರಿ. ಇಂದು ಉಪಾಧ್ಯಕ್ಷರು ಅಧ್ಯಕ್ಷ ಸ್ಥಾನದಿಂದ ಮಾಡಿದ ಎಲ್ಲಾ ಆದೇಶಗಳನ್ನು ರದ್ದುಪಡಿಸಲಾಗಿದೆ.”

ಕಲ್ಲೇಶ ಬರೆದ. ತನ್ನ ಹೆಸರು ಬಂದಲ್ಲಿ ತನ್ನ ಹೆಸರನ್ನೂ ಬರೆದ. ಅಕ್ಷರ ಎಂದಿನಂತೆ ಚೆಂದವಿತ್ತು. ಬರೆದು, ಮಸಿ ಒಣಗುವವರೆಗೆ ಊದಿ, ಪುಸ್ತಕ ಮುಚ್ಚಿದ. ಬಸಣ್ಣನೂ ಅಖ್ತರಬೇಗಂ ಅವರೂ ಒಬ್ಬೊಬ್ಬರಾಗಿ ಹೊರಗೆ ಹೋದರು. ಕಲ್ಲೇಶ ಫೈಲಿನಿಂದ ಸಹಿಯಿಲ್ಲದ ಇನ್ನೊಂದು ಆದೇಶದ ಕಾಗದ ತೆಗೆದ. ಎರಡು ಪ್ರತಿ ಟೈಪು ಮಾಡಿಟ್ಟುಕೊಂಡಿದ್ದ.

“ಅಯ್ಯಾರ, ಸೈಟ ಆಗೇತ್ರಿ.”

“ಆಗೇತಂತ. ಊರಿಗೆಲ್ಲಾ ಗೊತ್ತಾಗೇತಿ.”

“ಆ ಫೋಟೋ ಜಾರಿದ್ದ ಬರೇ ಒಂದ ಸಾಲಿನ ತಪ್ಪ್ರಿ. ಇನ್ನ ಮ್ಯಾಲೆ ನಾ ಎಕ್ಸ್‌ಪ್ಲೋರರ್‌ದಾಗೂ ನೋಡಿ ಬಿಡತೇನಿ. ಆಣಿ ಮಾಡತೇನಿ. ಅ‍ದರಾಗಽ ಮೊದಲ ನೋಡತೇನಿ.”

ಮಹಾಂತಯ್ಯನವರು ಮಾಲೆಯಿಂದ ಒಂದು ಎಸಳು ಕಿತ್ತು ಮೇಜಿನ ಮೇಲಿಟ್ಟರು.

“ಬಸಣ್ಣಗ ಗೊತ್ತಿರಲಿಲ್ಲ. ಅಕ್ಕೋರಿಗೆ ಗೊತ್ತಿರಲಿಲ್ಲ. ನಿನಗ ಗೊತ್ತಿತ್ತೋ ಇಲ್ಲೋ?”

“ನಾ ಎಲ್ಲಾರಿಗೂ ಹೇಳಿದ್ನಿರಿ, ಒಬ್ರೂ ಕೇಳಲಿಲ್ಲ...”

“ಕಡೀಕ ಬಸಣ್ಣ ಕೇಳಿದ್ನಂತಲ್ಲ. ಪೆನ್ನ ಹಿಡಕೊಂಡ.”

ಅದನ್ನು ಯಾರು ಹೇಳಿದರೆಂದು ಕಲ್ಲೇಶ ವಿಚಾರಿಸಲಿಲ್ಲ. ಆಗ ಕೋಣೆಯಲ್ಲಿದ್ದವರು ಇಬ್ಬರೇ, ಹೇಳಿದವನು ತಾನಲ್ಲ.

“ಎಕ್ಸ್‌ಪ್ಲೋರರ್‌ದಾಗ...” ಎಂದು ಶುರು ಮಾಡಿದ.

“ನಾ ಮಷೀನ ಕೇಳಲಿಲ್ಲ. ನಿನ್ನ ಕೇಳಿದೆ.”

ಕಲ್ಲೇಶ ಕಾಗದವನ್ನು ಅವರ ಕೈಯ ಕೆಳಗೆ ಸರಿಸಿದ. ಪೆನ್ನಿನ ಟೊಪ್ಪಿಗೆ ತೆಗೆದು ಬೆರಳ ಹತ್ತಿರವಿಟ್ಟ. “ಇವತ್ತ ಒಂದಽ ದಿನ ಐತ್ರಿ ಅಯ್ಯಾರ. ನಾಳೆ ನಲವತ್ತೈದು. ಮನ್ಯಾಗ ಸಕ್ಕರಿ ಹಂಚಿರ್ತಾರ. ನಿಮಗ ಕಾಣೂದಿಲ್ಲಂದ್ರ ಎಲ್ಲೆ ಸಹಿ ಮಾಡಬೇಕಂತ ನಾ ಬಟ್ಟ ಇಟ್ಟ ತೋರಸ್ತೇನಿ. ಇಲ್ಲೇ ನೋಡ್ರಿ, ನನ್ನ ಬಟ್ಟಿನ ಮುಂದ.”

ಮಹಾಂತಯ್ಯನವರು ಪೆನ್ನನ್ನು ತಡವಿ ಹಿಡಿದರು. ಅದರ ಟೊಪ್ಪಿಗೆಯನ್ನೂ ತಡವಿ ಹುಡುಕಿದರು. ಹುಡುಕಿ ಪೆನ್ನಿಗೆ ಹಾಕಿ ಬಿಗಿ ಮಾಡಿದರು.

“ಸಹಿ ಮಾಡಾಕ ನನಗ ಕಣ್ಣ ಬೇಕಾಗಿಲ್ಲ” ಎಂದರು. “ಮಾಡಂಗಿಲ್ಲ.”